ಮಗು ಯಾರ ಹತ್ತಿರ ಇತ್ತು?

ಕಳೆದ ತಿಂಗಳು ಕಾರವಾರದ ಮೆಡಿಕಲ್ ಕಾಲೇಜಿನಲ್ಲಿ ನಮಗೆ ಕಲಿಸಿದ ಮಕ್ಕಳ ವಿಭಾಗದ ಮೇಡಂ ನಿವೃತ್ತರಾದರು. ಬೀಳ್ಕೊಡುಗೆ ಸಭೆಯಲ್ಲಿ ಒಬ್ಬರಾದ ಮೇಲೊಬ್ಬರು ಎದ್ದು ಅವರನ್ನು ಮಮತೆಯ ಮೂರ್ತಿ ಎಂದರು, ಸಾವಿರ ಮಕ್ಕಳ ತಾಯಿ ಎಂದರು. ಮೇಡಂ ಶಾಲು ಹೊದ್ದು, ಆ ಹೊಗಳಿಕೆಯೆಲ್ಲ ಪಕ್ಕದ ಕುರ್ಚಿಯವರಿಗೆ ಸೇರಿದ್ದು ಎಂಬಂತೆ ಕೂತಿದ್ದರು. ನಾನು ಹಿಂದಿನ ಸಾಲಿನಲ್ಲಿ ಕೂತು ಕುದಿಯುತ್ತಿದ್ದೆ. ಮಮತೆಯ ಮೂರ್ತಿಯಂತೆ! ಅವರು ಒಂದು ಮಗುವಿನ ಕೆನ್ನೆ ಹಿಂಡಿದ್ದನ್ನು ನಾನು ಕಂಡಿಲ್ಲ, ಚಿನ್ನ ರನ್ನ ಎಂದದ್ದನ್ನು ಕೇಳಿಲ್ಲ. ನಮ್ಮನ್ನಂತೂ ಹುರಿದು ಮುಕ್ಕಿದವರು. ಗಟ್ಟಿಮುಟ್ಟಾಗಿ ಎದುರಿಗೇ ಕೂತಿರುವವರನ್ನು ತೀರಿಹೋದವರ ಹಾಗೆ ಹೊಗಳುವುದು ಅನ್ಯಾಯ. ನನ್ನ ಕೈಗೂ ಮೈಕು ಕೊಟ್ಟಿದ್ದರು. ನಮಸ್ಕಾರ ಹೇಳಿ, ಎರಡು ಮಾತಾಡಿ ಇಳಿದುಬಿಟ್ಟೆ. ನಾನು ಹೇಳಬೇಕಾದದ್ದು ಐದು ನಿಮಿಷದಲ್ಲಿ ಮುಗಿಯುವಂಥದ್ದಾಗಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಬರೆದರೆ ಫೋನು ಮಾಡಿ ಬೈಯುತ್ತಾರೆ.

ಎತ್ತರದಲ್ಲಿ ನಮಗಿಂತ ಒಂದು ಗೇಣು ಕಡಿಮೆ. ಗಂಜಿ ಹಾಕಿದ ನೂಲಿನ ಸೀರೆ, ಅಂಗೈ ಬದಿಗೆ ತಿರುಗಿಸಿ ಕಟ್ಟಿದ ಗಡಿಯಾರ. ಮನೆಮಾತು ಕೊಂಕಣಿ, ಹುಟ್ಟಿ ಬೆಳೆದದ್ದು ಕಾರವಾರದ ಪೇಟೆಯಲ್ಲಿ. ದೇವಬಾಗದ ಮೀನುಗಾರ ಹೆಂಗಸು ಬಂದರೆ ಅವಳ ಕೊಂಕಣಿ, ಅಂಕೋಲೆಯ ಒಳಹಳ್ಳಿಯ ಗದ್ದೆ ಕೆಲಸದವಳು ಬಂದರೆ ಅವಳ ಕನ್ನಡ. ನಮ್ಮ ಪಾಲಿಗೆ ಮಾತ್ರ ಇಂಗ್ಲಿಷು ಬೆರೆಸಿದ ಖಡಕ್ ಭಾಷೆ. ಮೆಚ್ಚಿದರೆ "ಬರೇಂ" ಎಂದು ಒಂದೇ ಒಂದು ಕೊಂಕಣಿ ಶಬ್ದ, ಒಳ್ಳೇದಾಯಿತು ಎಂದು ಅದರರ್ಥ. ಇಡೀ ವರ್ಷದಲ್ಲಿ ನಮ್ಮ ಬ್ಯಾಚಿನ ಇಬ್ಬರಿಗೋ ಮೂವರಿಗೋ ಅದು ಸಿಕ್ಕಿರಬೇಕು. ನನಗೆ ಸಿಕ್ಕಿರಲಿಲ್ಲ.

ಆ ಗಡಿಯಾರಕ್ಕೆ ನಾವು ಹೆದರುತ್ತಿದ್ದೆವು. ಮಗುವಿನ ಉಸಿರು ಎಣಿಸಲು ಹೇಳಿದರೆ ಪೂರಾ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡು ನೋಡಿ ನಾಲ್ಕರಿಂದ ಗುಣಿಸುವ ಜಾಣತನ ಅವರ ಹತ್ತಿರ ನಡೆಯುತ್ತಿರಲಿಲ್ಲ. ಯಾರಾದರೂ ಅರ್ಧದಲ್ಲೇ ಉತ್ತರ ಹೇಳಿದರೆ "ಮತ್ತೆ ಮೊದಲಿಂದ" ಎಂದು ಮಣಿಕಟ್ಟು ಎತ್ತಿ ಹಿಡಿಯುತ್ತಿದ್ದರು. ಒಮ್ಮೆ ನನ್ನ ಜೊತೆಯವನೊಬ್ಬ ಐದು ಸಲ ಮೊದಲಿಂದ ಎಣಿಸಿ, ಕೊನೆಗೆ ಅವನ ಉಸಿರೇ ಮಗುವಿಗಿಂತ ಜೋರಾಗಿ ಓಡತೊಡಗಿತು. "ಈಗ ನಿನ್ನದು ಎಣಿಸೋಣವಾ?" ಎಂದು ಕೇಳಿದರು, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ.

ಕೊನೆಯ ವರ್ಷದ ಪರೀಕ್ಷೆ ಹತ್ತಿರ ಬಂದಾಗ ಶನಿವಾರ ಮಧ್ಯಾಹ್ನ ಅವರ ರಿವಿಷನ್ ಕ್ಲಾಸು. ಮಕ್ಕಳ ಕಿವಿ, ಗಂಟಲು, ಶ್ವಾಸನಾಳ, ಮತ್ತೆ ದಡಾರ, ನಾಯಿಕೆಮ್ಮು, ಗಂಟಲಮಾರಿಯಂಥ ಅಂಟುರೋಗ. ಪುಸ್ತಕ ತರುವಂತಿಲ್ಲ. ಪುಸ್ತಕ ಓದಲು ನಾನು ಯಾಕೆ ಬೇಕು, ಹಾಸ್ಟೆಲಿನಲ್ಲಿ ಓದಿಕೊಳ್ಳಿ ಎನ್ನುತ್ತಿದ್ದರು. ಬದಲಿಗೆ ನಮ್ಮ ಬಾಯಲ್ಲಿ ರೋಗಗಳ ಸದ್ದು ಮಾಡಿಸುತ್ತಿದ್ದರು. ಧ್ವನಿಪೆಟ್ಟಿಗೆ ಬಾತ ಮಗು ಕೆಮ್ಮಿದರೆ ನಾಯಿ ಬೊಗಳಿದ ಹಾಗೆ ಕೇಳುತ್ತದೆ. ಹಾಗಾಗಿ ಇಪ್ಪತ್ತು ಜನ ಭಾವೀ ವೈದ್ಯರು ಸಾಲಾಗಿ ನಿಂತು ಬೊಗಳಬೇಕು. ಉಸಿರು ಒಳಗೆಳೆಯುವಾಗ ಬರುವ ಸದ್ದು ಬೇರೆ, ಹೊರಬಿಡುವಾಗ ಬರುವ ಸಿಳ್ಳೆ ಬೇರೆ. ಒಳಗೆಳೆಯುವಾಗಿನದು ಗಂಟಲ ಹತ್ತಿರದ ತೊಂದರೆ, ಹೊರಬಿಡುವಾಗಿನದು ಎದೆಯೊಳಗಿನದು. ಅದನ್ನೂ ಮಾಡಿ ತೋರಿಸಬೇಕು. ಒಂದು ದಿನ ನಮ್ಮ ಗದ್ದಲಕ್ಕೆ ಆಫೀಸಿನ ಗುಮಾಸ್ತರು ಗಾಬರಿಯಾಗಿ ಓಡಿಬಂದರು. ಮೇಡಂ ಅವರತ್ತ ತಿರುಗಿ, ಮಗು ಕೆಮ್ಮಿ ಕೆಮ್ಮಿ ಕೊನೆಗೆ ಉಸಿರೆಳೆಯುವ ನಾಯಿಕೆಮ್ಮಿನ ಕೂಗನ್ನು ಎಂಥ ತದ್ರೂಪವಾಗಿ ಹೊರಡಿಸಿದರೆಂದರೆ, ಆ ಮನುಷ್ಯ ನೀರು ತರಲು ಓಡಿದರು. ಆ ಸದ್ದುಗಳನ್ನು ನಾನು ಇವತ್ತಿಗೂ ಮರೆತಿಲ್ಲ. ಪುಸ್ತಕದಲ್ಲಿ ಓದಿದ್ದೆಷ್ಟೋ ಮರೆತುಹೋಗಿದೆ.

"ಕಿವಿ ಕೊನೆಗೆ" ಎನ್ನುವುದು ಅವರ ಇನ್ನೊಂದು ಕಟ್ಟಳೆ. ಹೊಸಬರಿಗೆ ಕಿವಿ ನೋಡುವ ದೀಪದ ಕೊಳವೆ ಸಿಕ್ಕರೆ ಕೈ ತುರಿಸುತ್ತದೆ, ಮೊದಲಿಗೇ ಕಿವಿಗೆ ತುರುಕುತ್ತಾರೆ. ಮಗು ಚೀರುತ್ತದೆ, ಆಮೇಲೆ ಎದೆಯೂ ಇಲ್ಲ, ಹೊಟ್ಟೆಯೂ ಇಲ್ಲ, ಬರೀ ಅಳುವೇ. ದೂರದಿಂದ ನೋಡು, ಆಮೇಲೆ ಎಣಿಸು, ಆಮೇಲೆ ಎದೆಗೆ ಕಿವಿ ಕೊಡು, ಕೊನೆಗೆ ಕಿವಿ, ಎಲ್ಲಕ್ಕೂ ಕೊನೆಗೆ ಗಂಟಲು. ಅದೂ ಅಮ್ಮನ ತೊಡೆಯ ಮೇಲೇ. ಮಂಚಕ್ಕೆ ಒಯ್ದು ಮಲಗಿಸಿದವರಿಗೆ ಆ ದಿನದ ಪಾಠ ವರಾಂಡದಲ್ಲಿ.

ಇಂಜೆಕ್ಷನ್ ಬೇಡುವ ಅಪ್ಪಂದಿರೊಂದಿಗೆ ಅವರ ಜಗಳ ನಿತ್ಯದ್ದು. ನೆಗಡಿಯಾದ ಮಗುವಿಗೆ ಸೂಜಿ ಚುಚ್ಚಲೇಬೇಕು ಎಂದು ಹಟ ಹಿಡಿದ ಒಬ್ಬ ಗಡ್ಡದವನಿಗೆ, "ಸೂಜಿ ಮಗೂಗೆ ಬೇಕೋ, ನಿಮಗೆ ಬೇಕೋ? ನಿಮಗಾದ್ರೆ ತೋಳು ಏರ್ಸಿ," ಎಂದರು. ಅವನು ಮಗುವನ್ನೆತ್ತಿಕೊಂಡು ಸುಮ್ಮನೆ ಹೋದ. ದೇವಬಾಗದ ಒಬ್ಬಾಕೆ ಕಿವಿ ಸೋರುವ ಎಂಟು ವರ್ಷದ ಮಗನನ್ನು ಕರೆತಂದಿದ್ದಳು. ಒಣಬಟ್ಟೆಯನ್ನು ಬತ್ತಿಯ ಹಾಗೆ ಹೊಸೆದು ಕಿವಿ ಒರೆಸುವುದನ್ನು ಮೇಡಂ ತೋರಿಸಿ, ಕಿವಿ ಒಣಗುವ ತನಕ ನೀರಿಗೆ ಇಳಿಯಬಾರದು ಎಂದರು. ಆಕೆ ಬಾಯಿಗೆ ಸೆರಗು ಹಿಡಿದು ನಕ್ಕು, ನಮಗೂ ತಿಳಿಯಲೆಂದು ಕನ್ನಡದಲ್ಲೇ ಅಂದಳು: "ಬಾಯೀ, ದೇವಬಾಗದ ಪೋರಂಗೆ ನೀರಿಗಿಳೀಬ್ಯಾಡ ಅಂದ್ರೆ ಕೇಳ್ತದ್ಯಾ?" ಮೇಡಂ ತಾಯಿಯನ್ನು ಬಿಟ್ಟು ಹುಡುಗನನ್ನೇ ಹಿಡಿದರು. ದೊಡ್ಡವರ ಹತ್ತಿರ ವ್ಯವಹಾರ ಕುದುರಿಸುವ ಹಾಗೆ ಗಂಭೀರವಾಗಿ ಮಾತಾಡಿ, ಕಿವಿ ಒಣಗುವ ತನಕ ಮಂಡಿ ಮಟ್ಟದ ನೀರು ಎಂದು ಕೈ ಕುಲುಕಿ ಒಪ್ಪಂದ ಮಾಡಿಕೊಂಡರು. ಅವನು ಮಾತು ಉಳಿಸಿಕೊಂಡ. ಹೇಗೆ ಗೊತ್ತೆಂದರೆ, ಮುಂದಿನ ಸಲ ಬಂದಾಗ ಕಿವಿ ಒಣಗಿತ್ತು.

ಇನ್ನು ನನ್ನ ವಿಷಯ. ನಾನು ಅಂಕೋಲೆಯ ರಾಮನಗುಳಿ ಕಡೆಯವಳು. ಅಪ್ಪ ಅಮ್ಮ ಇಬ್ಬರೂ ಮಂದಿಯ ಗದ್ದೆಗೆ ಕೂಲಿಗೆ ಹೋಗುವವರು. ನಮ್ಮ ಕೇರಿಯಿಂದ ಡಾಕ್ಟರು ಓದಲು ಹೋದವಳು ನಾನೊಬ್ಬಳೇ. ಹಾಸ್ಟೆಲಿಗೆ ಬಂದ ಮೊದಲ ವಾರವೇ ಯಾರೋ ನನ್ನ ಮಾತನ್ನು ಅಣಕಿಸಿದರು. ಎರಡನೆಯ ವಾರಕ್ಕೆ ನಾನು ಪಠ್ಯಪುಸ್ತಕದ ಕನ್ನಡ ಆಡತೊಡಗಿದೆ. ಮೂರನೆಯ ವರ್ಷಕ್ಕೆ ಬರುವ ಹೊತ್ತಿಗೆ, ವಾರ್ಡಿನಲ್ಲಿ ನಮ್ಮ ಕಡೆಯ ಹೆಂಗಸರು ಬಂದರೆ ಎಲ್ಲರಿಗಿಂತ ಹೆಚ್ಚು ಗದರುತ್ತಿದ್ದವಳು ನಾನೇ. ಮಗುವಿನ ಹೊಕ್ಕುಳಿಗೆ ಬೂದಿ ಯಾಕೆ ಹಚ್ಚಿದೆ, ಜ್ವರ ಬಂದರೆ ಕಂಬಳಿ ಯಾಕೆ ಹೊದೆಸಿದೆ. ಬೇರೆ ಊರಿನ ಹುಡುಗರಿಗೆ ಅದು ಅಜ್ಞಾನವಾಗಿ ಕಂಡರೆ ನನಗೆ ಅವಮಾನವಾಗಿ ಕಾಣುತ್ತಿತ್ತು. ನಾಚಿಕೆಯಾಗುತ್ತದೆ ಹೇಳಲು, ಆದರೆ ಅದು ಹಾಗೇ ಇತ್ತು.

ರಿವಿಷನ್ ಕ್ಲಾಸಿನ ಒಂದು ಶನಿವಾರ ಮೇಡಂ ನನಗೊಂದು ಕೇಸು ಕೊಟ್ಟರು. ಆಗಷ್ಟೇ ಹೊರರೋಗಿ ವಿಭಾಗದಿಂದ ವಾರ್ಡಿಗೆ ಬಂದ ಎರಡು ವರ್ಷದ ಗಂಡುಮಗು, ಅಂಕೋಲೆಯ ಕಡೆಯದು. ಜೊತೆಗೆ ತಾಯಿ, ಅಪ್ಪನ ಕಡೆಯ ಅಜ್ಜಿ. ಮೇಡಂ ಇನ್ನೂ ಮಗುವನ್ನು ನೋಡಿರಲಿಲ್ಲ. ಅರ್ಧ ಗಂಟೆಯಲ್ಲಿ ನಾನು ಮಾತಾಡಿಸಿ, ಪರೀಕ್ಷಿಸಿ, ಬರೆದು, ಕ್ಲಾಸಿನ ಮುಂದೆ ಒಪ್ಪಿಸಬೇಕು. ಮಗುವಿಗೆ ಎರಡು ದಿನದಿಂದ ನೆಗಡಿ, ಕಿವಿ ಹಿಡಿದುಕೊಂಡು ಅಳುವುದು, ಹಿಂದಿನ ದಿನದಿಂದ ಕೆಮ್ಮು, ಎದೆಯಲ್ಲಿ ಸಿಳ್ಳೆ. ಪುಸ್ತಕದಲ್ಲಿ ಬರೆದಿಟ್ಟ ಹಾಗಿತ್ತು. ನಾನು ಖುಷಿಯಿಂದ, ಕಟ್ಟಳೆಯನ್ನೂ ಮರೆತು, ಕಿವಿ ನೋಡಿದೆ. ದೀಪ ಹಿಡಿದರೆ ಒಳಗೆಲ್ಲ ಎಣ್ಣೆ. ಕಿವಿತಮಟೆ ಕಾಣಲೇ ಇಲ್ಲ. ನೆತ್ತಿಗೇರಿತು ನನಗೆ.

"ಕಿವಿಗೆ ಎಣ್ಣೆ ಹಾಕಿದವರು ಯಾರು?"

ತಾಯಿ ಅಜ್ಜಿಯ ಮುಖ ನೋಡಿದಳು. ಅಜ್ಜಿ ಮೆಲ್ಲಗೆ, "ಎರಡೇ ಹನಿ, ಬಾಯೀ. ಕಿವಿ ಹಿಡ್ಕಂಡಿ ಅಳ್ತಿತ್ತು ಪೋರ," ಎಂದಳು.

"ಕಿವಿಗೆ ಎಣ್ಣೆ ಹಾಕಬಾರದೆಂದು ಎಷ್ಟು ಬಾರಿ ಹೇಳಬೇಕು ನಿಮಗೆ? ಮಗುವಿನ ಕಿವಿ ಹೋದರೆ ನೀವು ತಂದುಕೊಡುತ್ತೀರಾ?" ಎಂದೆ. ಇನ್ನೂ ಏನೇನೋ ಎಂದೆ. ಅಜ್ಜಿ ಮಂಚದಿಂದ ಎದ್ದು ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು. ಆಮೇಲೆ ಪಟ್ಟಿಯಲ್ಲಿದ್ದ ಪ್ರಶ್ನೆಗಳನ್ನು ತಾಯಿಗೆ ಕೇಳುತ್ತ ಹೋದೆ. ಮಗು ಏನಾದರೂ ನುಂಗಿತ್ತೇ? ಗಂಟಲಿಗೆ ಸಿಕ್ಕಿತ್ತೇ? ತಾಯಿ ಇಲ್ಲ ಎಂದಳು. ಅಜ್ಜಿಯನ್ನು ನಾನು ಕೇಳಲಿಲ್ಲ. ಉಸಿರುದಾರಿಗೆ ಏನೂ ಸಿಕ್ಕಿಕೊಂಡಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು, ಅಳುವ ಮಗುವಿನ ಬನಿಯನಿನ ಮೇಲಿಂದಲೇ ಸ್ಟೆತಸ್ಕೋಪು ಇಟ್ಟು, ಸಿಳ್ಳೆ ಕೇಳಿಸಿತೆಂದು ತೃಪ್ತಳಾಗಿ ಹೊರಟೆ.

ಕ್ಲಾಸಿನಲ್ಲಿ ಗಿಳಿಯ ಹಾಗೆ ಒಪ್ಪಿಸಿದೆ. ನೆಗಡಿಯ ವೈರಸ್ಸಿನಿಂದ ಬಂದ ಸಿಳ್ಳೆ ಉಸಿರು, ಜೊತೆಗೆ ನಡುಗಿವಿಯ ಸೋಂಕು. ಹೊರರೋಗಿ ವಿಭಾಗದಲ್ಲಿ ತೆಗೆಸಿದ ಎಕ್ಸ್‌ರೇಯಲ್ಲೂ ಏನೂ ಕಾಣುತ್ತಿಲ್ಲ.

"ಸಿಳ್ಳೆ ಯಾವಾಗ ಶುರುವಾಯ್ತು?" ಮೇಡಂ ಕೇಳಿದರು.

"ನಿನ್ನೆ, ಮೇಡಂ. ಮಧ್ಯಾಹ್ನ ಊಟಕ್ಕೆ ಸ್ವಲ್ಪ ಮುಂಚೆ."

ಅವರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡುತ್ತಿದ್ದವರು ಹಾಗೇ ನಿಂತರು. "ನೆಗಡಿಗೆ ದಿನ ಇರ್ತದೆ, ಗಂಟೆ ಇರೋದಿಲ್ಲ. ಊಟಕ್ಕೆ ಮುಂಚೆ ಅಂತ ಹೇಳಿದ್ದು ಯಾರು?"

"ತಾಯಿ."

"ತಾಯಿ ಆಗ ಎಲ್ಲಿದ್ದಳು?"

ಬೇರೆಯವರ ಗದ್ದೆಗೆ ಕೆಲಸಕ್ಕೆ ಹೋಗಿದ್ದಳು, ಊಟಕ್ಕೆ ಬಂದಾಗ ಮಗು ಸಿಳ್ಳೆ ಹಾಕುತ್ತಿತ್ತು ಎಂದೆ. 

"ಹಾಗಾದ್ರೆ ಮಗು ಯಾರ ಹತ್ತಿರ ಇತ್ತು?" ಎಂದರು ಮೇಡಂ. "ಹೆತ್ತವರನ್ನು ಕೇಳಿ ಬಂದಿದ್ದೀಯ. ನೋಡಿಕೊಂಡವರನ್ನು ಕೇಳಿದ್ದೀಯಾ?"

ಉತ್ತರಕ್ಕೆ ಕಾಯದೆ ವಾರ್ಡಿಗೆ ನಡೆದರು, ನಾವೆಲ್ಲ ಹಿಂದೆ. ಮಗು ಅಜ್ಜಿಯ ತೊಡೆಯ ಮೇಲೆ ತೂಕಡಿಸುತ್ತಿತ್ತು. ತಾಯಿ ಔಷಧಿ ತರಲು ಹೋಗಿದ್ದಳು. ಮೇಡಂ ನೆಲದ ಮೇಲೆ ಕೂತು, ಬನಿಯನ್ ಮೆತ್ತಗೆ ಎತ್ತಿ, ಎದೆಯ ಎಡಕ್ಕೆ ಕೇಳಿದರು, ಬಲಕ್ಕೆ ಕೇಳಿದರು, ಮತ್ತೆ ಎಡಕ್ಕೆ. ಆಮೇಲೆ ಸ್ಟೆತಸ್ಕೋಪನ್ನು ನನ್ನ ಕಿವಿಗೆ ಹಾಕಿದರು. ಎಡಕ್ಕೆ ಗಾಳಿ ಸರಾಗವಾಗಿ ಬರುತ್ತಿತ್ತು. ಬಲಕ್ಕೆ ಅರ್ಧದಷ್ಟೂ ಇಲ್ಲ. ನಾನು ಅರ್ಧ ಗಂಟೆ ಆ ಮಗುವಿನ ಹತ್ತಿರ ಕೂತು ಇದನ್ನು ಕೇಳಿಸಿಕೊಂಡಿರಲಿಲ್ಲ. ಎಕ್ಸ್‌ರೇಯಲ್ಲಿ ಬಲಗಡೆ ಗಾಳಿ ಸಿಕ್ಕಿಕೊಂಡು ಉಬ್ಬಿದ್ದನ್ನು ಬೆರಳಿಟ್ಟು ತೋರಿಸಿದರು. ಒಳಗೆ ಏನೋ ಇದೆ. ಆದರೆ ಏನಿದೆ, ಯಾವಾಗ ಹೋಯಿತು ಎನ್ನುವುದನ್ನು ಹೇಳಬಲ್ಲವಳು ಒಬ್ಬಳೇ, ಅವಳು ಬಾಯಿಗೆ ಬೀಗ ಹಾಕಿ ಕೂತಿದ್ದಾಳೆ.

ಮೇಡಂ ಕೇಳಿದರು. ಅಜ್ಜಿ ತಲೆ ಅಲ್ಲಾಡಿಸಿದಳು. ಮತ್ತೊಮ್ಮೆ ಕೇಳಿದರು, ಮತ್ತೆ ಅದೇ. ಅವರು ಎದ್ದು ನನ್ನನ್ನು ಪಕ್ಕಕ್ಕೆ ಕರೆದರು.

"ನೀನು ಏನಂದೆ ಇವಳಿಗೆ?"

ಹೇಳಿದೆ.

"ನೀನು ರಾಮನಗುಳಿ ಕಡೆಯವಳಲ್ವಾ? ಮನೇಲಿ ನಿಮ್ಮಜ್ಜಿ ಹತ್ತಿರ ಹೇಗೆ ಮಾತಾಡ್ತೀಯೋ ಹಾಗೆ ಮಾತಾಡು. ಮುಚ್ಚಿಸಿದವಳು ನೀನು, ತೆರೆಸುವವಳೂ ನೀನೇ. ಬೇಗ." ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅವಸರವಿತ್ತು. ಮಗು ಗಾಢವಾಗಿ ಕೆಮ್ಮಿದರೆ ಆ ವಸ್ತು ಜಾಗ ಬಿಟ್ಟು ಮೇಲೆ ಬಂದು, ಎರಡೂ ಕಡೆಯ ದಾರಿ ಮುಚ್ಚಬಹುದು. ಅದನ್ನು ಅವರೇ ನಮಗೆ ಕಲಿಸಿದ್ದರು.

ಇಪ್ಪತ್ತು ಜನ ಸಹಪಾಠಿಗಳು ನೋಡುತ್ತಿದ್ದರು. ನಾನು ಬಿಳಿಕೋಟು ಬಿಚ್ಚಿಟ್ಟು ಅಜ್ಜಿಯ ಬದಿಗೆ ಚಕ್ಕಳಮಕ್ಕಳ ಹಾಕಿ ಕೂತೆ. ನಾಲ್ಕು ವರ್ಷ ಮನೆಯ ಹೊರಗೆ ಆಡದ ಮಾತು, ನಾಲಿಗೆಗೆ ಬರುತ್ತದೋ ಇಲ್ಲವೋ ಎಂದು ಹೆದರಿಕೆಯಾಗಿತ್ತು.

"ಅಜ್ಜೀ, ಎಣ್ಣೆ ಹ್ಯಾಂಗೆ ಕಾಸಿದ್ಯೆ? ನಮ್ಮನೆ ಅಜ್ಜಿ ಬೆಳ್ಳುಳ್ಳಿ ಹಾಕ್ತಿತ್ತು."

ಅಜ್ಜಿ ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಬೆಳ್ಳುಳ್ಳಿ ಹಾಕ್ದೇ ಇದ್ರೆ ಎಣ್ಣೆಗೆಂತಾ ಗುಣ ಇರ್ತದೆ?" ಎಂದಳು. ಆಮೇಲೆ, "ನೀ ಎಲ್ಲಿದೇ ತಂಗೀ?"

"ರಾಮನಗುಳಿ ಬದಿದು."

"ಯಾರ ಮಗಳೆ?"

ಅಪ್ಪನ ಹೆಸರು ಹೇಳಿದೆ. ಅವಳಿಗೆ ಪರಿಚಯವಿರಲಿಲ್ಲ, ಆದರೆ ಪಕ್ಕದ ಊರಿಗೆ ಅವಳ ತಂಗಿಯನ್ನು ಕೊಟ್ಟಿದ್ದರಂತೆ. ಅಷ್ಟು ಸಾಕಾಯಿತು. ನಿನ್ನೆ ಊಟಕ್ಕೆ ಮುಂಚೆ ಎಂತಾ ಮಾಡ್ತಿದ್ದೆ ಅಜ್ಜೀ ಎಂದು ಕೇಳಿದೆ.

"ಬಿತ್ತೂಕೆ ಶೇಂಗಾ ಒಡೀತಿದ್ದೆ." ಅಜ್ಜಿ ಮಗುವಿನ ಬೆನ್ನು ಸವರಿದಳು. "ಪೋರ ತೊಡೆ ಮೇಲೇ ಇತ್ತು. ಒಂದು ಕಾಳು ಬಾಯಿಗೆ ಹಾಕ್ಕಂತು, ನಾ ನೋಡ್ದೆ. ನಗಾಡ್ತಿತ್ತು. ಒಮ್ಮೆಗೇ ಕೆಮ್ಮು ಬಂತು, ಮುಖ ಕಪ್ಪಾಯ್ತು. ಬೆನ್ನಿಗೆ ಬಡ್ದೆ. ಆಮೇಲೆ ಉಸುರು ಬಂತು. ನುಂಗ್ತು ಅಂದ್ಕಂಡೆ."

"ಎಂತಕೆ ಹೇಳ್ಲಿಲ್ಲ ಅಜ್ಜೀ?"

"ಹೇಳೂಕೇ ಬಂದಿದ್ದೆ. ಎರಡು ಹನಿ ಎಣ್ಣೆಗೇ ನೀ ಅಷ್ಟು ಬೈದೆ. ಇದ್ಕೆ ನನ್ನ ಎಂತಾ ಮಾಡ್ತಿದ್ದೆ, ಹೇಳು?"

 

ಅಷ್ಟರಲ್ಲಿ ತಾಯಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಔಷಧಿ ಚೀಲ ಅಲ್ಲೇ ಬಿಟ್ಟು, ಅತ್ತೆಯ ತೊಡೆಯಿಂದ ಮಗುವನ್ನು ಕಸಿದುಕೊಳ್ಳಲು ಓಡಿಬಂದಳು. ಮೇಡಂ ನಡುವೆ ನಿಂತರು. "ಮುಟ್ಟಬ್ಯಾಡ. ಅತ್ರೆ ಕಾಳು ಜಾಗ ಬಿಡ್ತದೆ. ಮಗು ಈಗ ಎಲ್ಲಿ ಸಮಾಧಾನದಿಂದ ಇದ್ಯೋ ಅಲ್ಲೇ ಇರ್ಲಿ. ಬೈಯೂದೆಲ್ಲ ಅದು ಗುಣ ಆದ್ಮೇಲೆ." ತಾಯಿ ನಿಂತಲ್ಲೇ ನಿಂತಳು. ನಂತರ ಕೆಳಗೆ ಕೂತು, ಅತ್ತೆಯ ತೊಡೆಯ ಮೇಲಿದ್ದ ಮಗನ ಪಾದ ಹಿಡಿದುಕೊಂಡಳು. ಆ ಹೆಂಗಸಿನ ಬಗ್ಗೆ ನನಗೆ ಇಂದಿಗೂ ಗೌರವ.

ಮುಂದಿನದನ್ನು ಮೇಡಂ ನಡೆಸಿದ ರೀತಿ ನೋಡುವಂತಿತ್ತು. ಯಾರೂ ಮಗುವನ್ನು ಮಲಗಿಸಬಾರದು, ಬಾಯೊಳಗೆ ಬೆರಳು ಹಾಕಬಾರದು, ಗುಂಪು ಕಟ್ಟಬಾರದು. ಗಂಟಲಿನ ಸರ್ಜನ್ನರು ಊಟಕ್ಕೆ ಕೂತಲ್ಲಿಂದ ಎದ್ದು ಬಂದರು, ಅರಿವಳಿಕೆಯವರು ಬಂದರು. ಆಮ್ಲಜನಕದ ಕೊಳವೆಯನ್ನು ಅಜ್ಜಿಯ ಕೈಗೇ ಕೊಟ್ಟು ಮಗುವಿನ ಮೂಗಿನ ಹತ್ತಿರ ಹಿಡಿಸಿದರು. ಆಪರೇಷನ್ ಕೋಣೆಯ ಬಾಗಿಲ ತನಕ ಮಗುವನ್ನು ಹೊತ್ತು ನಡೆದವಳು ಅಜ್ಜಿ. ಬಾಗಿಲು ಮುಚ್ಚಿದ ಮೇಲೆ ಬೆಂಚಿನ ಮೇಲೆ ಕೂತು ನನ್ನ ಮಣಿಕಟ್ಟು ಹಿಡಿದವಳು ಬಿಡಲೇ ಇಲ್ಲ. ಕೊನೆಗೆ ಸರ್ಜನ್ನರು ಒಂದು ಚಿಕ್ಕ ಬಾಟಲಿ ಹಿಡಿದು ಹೊರಬಂದರು. ಒಳಗೆ ಅರ್ಧ ಶೇಂಗಾ ಕಾಳು, ನೆನೆದು ಊದಿಕೊಂಡದ್ದು. ಮಗು ಚೆನ್ನಾಗಿದೆ ಎಂದರು. ಅಜ್ಜಿ ಬಾಟಲಿಯತ್ತ ನೋಡಲಿಲ್ಲ. ಒಳಗಿನಿಂದ ಬಂದ ಮಗುವಿನ ಅಳು ಕೇಳಿ, ನನ್ನ ಕೈ ಬಿಟ್ಟು ಗೊಳೋ ಎಂದು ಅತ್ತಳು.

ಸಂಜೆ ಮೇಡಂ ಕೇಸ್ ಶೀಟು ತರಿಸಿದರು. ಉಸಿರುದಾರಿಗೆ ಏನೂ ಸಿಕ್ಕಿಕೊಂಡಿಲ್ಲ ಎಂಬ ಸಾಲು ನನ್ನ ದುಂಡು ಅಕ್ಷರದಲ್ಲಿ ಕೂತಿತ್ತು. ಹೊಡೆದುಹಾಕಲು ಪೆನ್ನು ತೆಗೆದೆ. ಕೈ ತಡೆದರು.

"ಇರಲಿ ಅದು. ಕೆಳಗೆ ಬರಿ. ಕನ್ನಡದಲ್ಲೇ ಬರಿ."

ಮಗುವಿನ ಗಂಟಲಿಗೆ ನಿನ್ನೆ ಮಧ್ಯಾಹ್ನ ಶೇಂಗಾ ಸಿಕ್ಕಿಕೊಂಡದ್ದಾಗಿ ಅಜ್ಜಿ ತಿಳಿಸಿದ್ದಾರೆ ಎಂದು ಬರೆದೆ.

"ಮೊದಲು ಯಾಕೆ ತಿಳಿಸಲಿಲ್ಲ? ಅದನ್ನೂ ಬರಿ."

 ನಾನು ಬೈದಿದ್ದರಿಂದ ಎಂದು ಬರೆದೆ. ಸಹಿ ಹಾಕು ಎಂದರು, ಹಾಕಿದೆ. ಕಣ್ಣೀರು ಹಾಳೆಯ ಮೇಲೆ ಬೀಳಬಾರದೆಂದು ಮುಖ ತಿರುಗಿಸಿದೆ.

"ಅಳುವಂಥದ್ದೇನಾಯ್ತು?" ಎಂದರು ಮೇಡಂ. "ನಿನ್ನ ಮಗು ಉಳೀತು." ಆಮೇಲೆ ಹಾಳೆಯನ್ನೇ ನೋಡುತ್ತ, ಔಷಧಿಯ ಹೆಸರು ಹೇಳುವ ಅದೇ ಧ್ವನಿಯಲ್ಲಿ ಹೇಳಿದರು: "ನಿನ್ನ ವಯಸ್ಸಿನಲ್ಲಿ ನಾನು ಬೈದದ್ದು ಒಬ್ಬ ತಾಯಿಗೆ. ಅವಳೂ ನಿಜ ಹೇಳಿದಳು. ಮಗೂನ್ನ ಮಣ್ಣು ಮಾಡಿ ಬಂದ ಮೇಲೆ ಹೇಳಿದಳು."

 ಅವರು ಫೈಲು ಮುಚ್ಚಿ ಎದ್ದರು. "ನಡಿ, ಹುಡುಗರು ಕಾಯ್ತಿದ್ದಾರೆ. ಮಂಗನಬಾವು ಇನ್ನೂ ಬಾಕಿ ಇದೆ."

ಹೋಗಿ ಕೂತೆವು. ಮೇಡಂ ಮಂಗನಬಾವನ್ನು ಮೊದಲಿನಿಂದ ಕೊನೆಯ ತನಕ, ಒಂದು ಅಂಶವನ್ನೂ ಬಿಡದೆ ಕಲಿಸಿದರು.